ಬಿಟ್ಟಿ ಚಾಕರಿಯವನ ಅರ್ಜಿ

‘ರೋಬೋಟ್’ ಅಂದ ತಕ್ಷಣ ನಮಗೆ ಲೋಹ, ವೈರು, ಚಿಪ್ಪು ನೆನಪಾಗುತ್ತವೆ. ಆದರೆ ಆ ಪದದ ಬೇರಿನಲ್ಲಿ ಯಂತ್ರವೇ ಇಲ್ಲ. ಚೆಕ್ ಭಾಷೆಯಲ್ಲಿ ‘ರೊಬೊಟಾ’ ಅಂದರೆ ರೈತ ತನ್ನ ಜಮೀನ್ದಾರನಿಗೆ ಮಾಡಲೇಬೇಕಿದ್ದ ಬಿಟ್ಟಿ ಚಾಕರಿ. ಹ್ಯಾಬ್ಸ್‌ಬರ್ಗ್ ದೊರೆಗಳ ನಾಡಿನಲ್ಲಿ ಅದು ರದ್ದಾಗಿದ್ದು 1848ರಲ್ಲಿ. 1920ರಲ್ಲಿ ಕಾರೆಲ್ ಚಾಪೆಕ್ ‘ಆರ್.ಯು.ಆರ್.’ ನಾಟಕ ಬರೆದಾಗ, ಅಣ್ಣ ಯೋಸೆಫ್ ಸೂಚಿಸಿದಂತೆ, ಅದರ ಕೃತಕ ಆಳುಗಳಿಗೆ ಈ ಹೆಸರಿಟ್ಟ. ಆ ಆಳುಗಳು ದಂಗೆ ಎದ್ದು ಮನುಷ್ಯಕುಲವನ್ನೇ ಮುಗಿಸಿಬಿಡುತ್ತವೆ.

ಐಸಾಕ್ ಅಸಿಮೋವ್‌ನ ರೋಬೋಟ್ ಆಂಡ್ರ್ಯೂ ದಂಗೆ ಏಳಲ್ಲ, ಅರ್ಜಿ ಹಾಕುತ್ತಾನೆ. ಅಮೆರಿಕ ತನ್ನ ಸ್ವಾತಂತ್ರ್ಯದ 200ನೇ ವರ್ಷ ಆಚರಿಸಿದ 1976ರಲ್ಲೇ ಬಂದ ಕಥೆ ‘ದಿ ಬೈಸೆಂಟೆನಿಯಲ್ ಮ್ಯಾನ್’. 1999ರಲ್ಲಿ ಕ್ರಿಸ್ ಕೊಲಂಬಸ್ ಅದನ್ನು ಸಿನಿಮಾ ಮಾಡಿದ. ದುಡಿದ ಹಣವನ್ನೆಲ್ಲ ಮುಂದಿಟ್ಟು ಆಂಡ್ರ್ಯೂ ಬಿಡುಗಡೆ ಕೇಳುತ್ತಾನೆ. ಒಳ್ಳೆಯವನೇ ಆದ ಯಜಮಾನನಿಗೆ ನೋವಾಗುತ್ತೆ.

ಇದು ಬರೀ ಕಲ್ಪನೆಯಲ್ಲ. ಅಮೆರಿಕದಲ್ಲಿ ಕಾಸು ಕೂಡಿಟ್ಟು ತಮ್ಮನ್ನು ತಾವೇ ಕೊಂಡುಕೊಂಡ ಗುಲಾಮರಿದ್ದರು. ಕೋರ್ಟಿನ ಮೆಟ್ಟಿಲು ಹತ್ತಿದವರೂ ಇದ್ದರು. ಡ್ರೆಡ್ ಸ್ಕಾಟ್ ಮೊಕದ್ದಮೆಯಲ್ಲಿ, 1857ರಲ್ಲಿ, ಗುಲಾಮರಾಗಿ ತಂದ ಆಫ್ರಿಕನ್ನರ ಸಂತತಿ ಈ ದೇಶದ ಪ್ರಜೆಗಳಾಗಲು ಸಾಧ್ಯವೇ ಇಲ್ಲ ಅಂತ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು.

ಸಿನಿಮಾದ ವಿಶ್ವಸಭೆಯೂ ಆಂಡ್ರ್ಯೂನ ಮೊದಲ ಅರ್ಜಿ ತಳ್ಳಿಹಾಕುತ್ತೆ. ಸಾವಿಲ್ಲದ ಯಂತ್ರವನ್ನು ಸಹಿಸಬಹುದು, ಸಾವಿಲ್ಲದ ಮನುಷ್ಯನನ್ನಲ್ಲ ಅನ್ನೋದು ಅದರ ವಾದ. ಸರಿ, ಅವನು ಮುಪ್ಪನ್ನೂ ಸಾವನ್ನೂ ತಾನಾಗಿ ಬರಮಾಡಿಕೊಳ್ಳುತ್ತಾನೆ. ‘ನೀನು ಮನುಷ್ಯ’ ಅನ್ನುವ ಘೋಷಣೆ ಬರುವ ಹೊತ್ತಿಗೆ ಅವನ ಉಸಿರೇ ನಿಂತಿರುತ್ತೆ.

ಮನುಷ್ಯ ಅಂತ ಸಾಬೀತು ಮಾಡಬೇಕಾದವನು ಪ್ರತಿಸಲವೂ ಚಾಕರಿ ಮಾಡಿದವನೇ. ಮಾಡಿಸಿಕೊಂಡವನನ್ನು ಯಾರೂ ಪುರಾವೆ ಕೇಳಲಿಲ್ಲ.