ಹಳೇ ಅಂಬಾಸಿಡರ್, ಪದ್ಮಿನಿ, ಜೀಪಿಗೆ ಅಸಲಿ ಆಯಿಲ್ ಫಿಲ್ಟರ್ ಹುಡುಕೋದು ಹೇಗೆ?

ಧಾರವಾಡ: ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಪೇಟೆಯಲ್ಲಿ ಟ್ರ್ಯಾಕ್ಟರ್ ಆಯಿಲ್ ಫಿಲ್ಟರ್ ಕೇಳಿದ್ರೆ ಕೂಡಲೇ ಕೈಗೆ ಬರುತ್ತೆ. ಅದೇ ಹಳೇ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಅಥವಾ ಪೆಟ್ರೋಲ್ ಜೀಪಿಗೆ ಕೇಳಿದ್ರೆ 'ಈಗ ಬರಂಗಿಲ್ರಿ' ಅನ್ನೋ ಉತ್ತರ ಸಾಮಾನ್ಯ. ಆಗ ಹೊಂದುವಂಗ ಕಾಣೋ ಯಾವುದೋ ಒಂದನ್ನ ಕೂರಿಸಿಬಿಡೋದು ದೊಡ್ಡ ತಪ್ಪು. ಫಿಲ್ಟರ್ ಸರಿಯಾಗಿ ಕೂರದಿದ್ರೆ ಎಣ್ಣೆ ಸೋಸದೇ ಬೇರಿಂಗಿಗೆ ಹೋಗುತ್ತೆ, ಇಲ್ಲವೇ ನಡುದಾರಿಯಲ್ಲಿ ಪೂರ್ತಿ ಸೋರಿ ಎಂಜಿನ್ ಸೀಜ್ ಆಗುತ್ತೆ. ಬಿಡಿಭಾಗವೇ ಸಿಗದ ಗಾಡಿಯ ಎಂಜಿನ್ ಬಿಚ್ಚಿಸೋದು ಎಷ್ಟು ದುಬಾರಿ ಅಂತ ಬೇರೆ ಹೇಳಬೇಕಿಲ್ಲ.

ಎರಿ ಭೂಮಿಯ ಧೂಳೂ ಇದಕ್ಕೆ ಸೇರಿಕೊಳ್ಳುತ್ತೆ. ಏರ್ ಫಿಲ್ಟರ್ ದಾಟಿ ಒಳಗೆ ಹೋದ ಧೂಳು ಕೊನೆಗೆ ಸೇರೋದು ಎಂಜಿನ್ ಎಣ್ಣೆಗೇ. ಅದನ್ನ ಹಿಡಿಯೋದು ಆಯಿಲ್ ಫಿಲ್ಟರ್ ಒಂದೇ.

'ಒರಿಜಿನಲ್' ಅಂದ್ರೆ ಏನು?

ಹಿಂದೂಸ್ತಾನ್ ಮೋಟಾರ್ಸ್ 2014ರಲ್ಲಿ ಅಂಬಾಸಿಡರ್ ತಯಾರಿಕೆ ನಿಲ್ಲಿಸಿತು. ಮುಂಬೈ ಕುರ್ಲಾದ ಪದ್ಮಿನಿ ಅದಕ್ಕೂ ಮೊದಲೇ, 2000ದ ಆಸುಪಾಸಿನಲ್ಲಿ ನಿಂತಿತ್ತು. ಹೀಗಾಗಿ ಈ ಕಾರುಗಳಿಗೆ ಕಂಪನಿ ಡಬ್ಬಿಯ ಫಿಲ್ಟರ್ ಅಂದ್ರೆ ಈಗ ಬಹುತೇಕ ಹಳೇ ಸ್ಟಾಕ್. ಮಾರುಕಟ್ಟೆಯಲ್ಲಿ ಸಿಗೋದು ಮೂರು ತರ:

- ಹಳೇ ಸ್ಟಾಕ್: ಸೀಲ್ ಒಡೆಯದ, ವರ್ಷಗಟ್ಟಲೆ ಅಂಗಡಿಯಲ್ಲಿ ಉಳಿದ ಮಾಲು.
- ಫಿಲ್ಟರ್ ಕಂಪನಿಗಳ ಮಾಲು: ಪ್ಯೂರೊಲೇಟರ್, ಎಲೋಫಿಕ್‌ನಂಥ ಕಂಪನಿಗಳು ತಮ್ಮದೇ ಹೆಸರಲ್ಲಿ ಮಾರಿದ್ದು. ಅಳತೆ ಸರಿ ಇದ್ರೆ ಧೈರ್ಯವಾಗಿ ಹಾಕಬಹುದು.
- ಡುಪ್ಲಿಕೇಟ್: ಹೆಸರು ದೊಡ್ಡದು, ಒಳಗೆ ತೆಳು ಕಾಗದ, ಸಡಿಲ ಅಂಟು. ಮುಟ್ಟಲೇಬಾರದು.

ಹಳೇ ಸ್ಟಾಕ್ ಅಂದಕೂಡಲೇ ಒಳ್ಳೇದೇ ಅಂತಲ್ಲ. ರಬ್ಬರ್ ರಿಂಗನ್ನ ಉಗುರಿನಿಂದ ಒತ್ತಿ ನೋಡಬೇಕು. ಗಟ್ಟಿಯಾಗಿದ್ರೆ, ಬಿರುಕು ಬಿಟ್ಟಿದ್ರೆ ಹೊಸ ರಿಂಗ್ ಬೇಕೇಬೇಕು. ಕಾಗದಕ್ಕೆ ತೇವ ತಗುಲಿದ್ರೆ, ಒಳಗೆ ತುಕ್ಕು ಕಂಡ್ರೆ ಬಿಟ್ಟುಬಿಡೋದೇ ವಾಸಿ.

ಅಂಗಡಿಗೆ ಹೋಗುವ ಮುಂಚೆ

'ಅಂಬಾಸಿಡರ್ ಫಿಲ್ಟರ್ ಕೊಡ್ರಿ' ಅಂದ್ರೆ ಸಾಲದು. ಅಂಬಾಸಿಡರ್‌ಗೆ ಬೇರೆ ಬೇರೆ ಕಾಲದಲ್ಲಿ 1489 ಸಿಸಿ ಪೆಟ್ರೋಲ್, 1489 ಸಿಸಿ ಡೀಸೆಲ್, ಇಸುಝು ಮೂಲದ 1817 ಸಿಸಿ ಪೆಟ್ರೋಲ್, 1995 ಸಿಸಿ ಡೀಸೆಲ್ ಎಂಜಿನ್‌ಗಳು ಬಂದಿವೆ. ಆರ್‌ಸಿಯಲ್ಲಿ ವರ್ಷ, ಸಿಸಿ ನೋಡಿ, ಎಂಜಿನ್ ಮೇಲಿನ ನಂಬರಿಗೆ ತಾಳೆ ಹಾಕಿ. ಎಷ್ಟೋ ಗಾಡಿಗಳಲ್ಲಿ ಎಂಜಿನ್ ಬದಲಾಗಿರುತ್ತೆ.

ಆಮೇಲೆ ಫಿಲ್ಟರ್ ಯಾವ ಜಾತಿ ಅಂತ ನೋಡಬೇಕು. ಹಳೆಯ ಎಂಜಿನ್‌ಗಳಲ್ಲಿ ಕಬ್ಬಿಣದ ಬೌಲ್ ಇದ್ದು, ಒಳಗಿನ ಎಲಿಮೆಂಟ್ ಮಾತ್ರ ಬದಲಿಸ್ತಾರೆ. ಈಚಿನವುಗಳಲ್ಲಿ ಇಡೀ ಡಬ್ಬಿಯನ್ನೇ ತಿರುಗಿಸಿ ತೆಗೆದು ಹೊಸದು ಹಾಕ್ತಾರೆ. ಹಳೆ ಪೆಟ್ರೋಲ್ ಜೀಪುಗಳಲ್ಲಿ ಪೈಪು ಜೋಡಿಸಿದ ಬೈಪಾಸ್ ಫಿಲ್ಟರ್ ಇರುತ್ತೆ. ಅದು ಒಂದು ಸಲಕ್ಕೆ ಸ್ವಲ್ಪ ಎಣ್ಣೆಯನ್ನ ಮಾತ್ರ ಸೋಸುತ್ತೆ. ಪೂರ್ತಿ ಎಣ್ಣೆ ಸೋಸುವ ಫಿಲ್ಟರ್ ಜಾಗಕ್ಕೆ ಬೈಪಾಸ್ ಎಲಿಮೆಂಟ್ ನಡೆಯಲ್ಲ.

ಅಳತೆ ತೆಗೆಯೋದು ಹೀಗೆ

ಹಳೇ ಫಿಲ್ಟರ್ ಎಸೆಯಬೇಡಿ. ಎಣ್ಣೆ ಬಸಿದು ಚೀಲದಲ್ಲಿ ಹಾಕಿಕೊಂಡೇ ಅಂಗಡಿಗೆ ಹೋಗಿ.

- ಎಲಿಮೆಂಟ್ ಆದ್ರೆ: ಎತ್ತರ, ಹೊರ ಅಗಲ, ಮೇಲಿನ ತೂತು, ಕೆಳಗಿನ ತೂತು ನಾಲ್ಕನ್ನೂ ಅಳೆಯಬೇಕು. ತೂತು ದೊಡ್ಡದಾದ್ರೆ ಅಥವಾ ಎತ್ತರ ಕಡಿಮೆಯಾದ್ರೆ ಎಣ್ಣೆ ಪಕ್ಕದಿಂದ ಸೋಸದೇ ದಾಟುತ್ತೆ. ಬೌಲಿನೊಳಗಿನ ಸ್ಪ್ರಿಂಗ್, ವಾಷರ್ ಇವೆಯಾ ಅಂತಲೂ ಎಣಿಸಿ.
- ಡಬ್ಬಿ ಫಿಲ್ಟರ್ ಆದ್ರೆ: ರಬ್ಬರ್ ರಿಂಗಿನ ಅಗಲ, ನಡುವಿನ ಥ್ರೆಡ್ ಮುಖ್ಯ. ಮುಕ್ಕಾಲು ಇಂಚಿನ ಥ್ರೆಡ್ ಅಂದ್ರೆ 19.05 ಮಿ.ಮೀ., ಮೆಟ್ರಿಕ್ ಥ್ರೆಡ್ 20 ಮಿ.ಮೀ. ಕಣ್ಣಿಗೆ ಎರಡೂ ಒಂದೇ. ಆದ್ರೆ ಮುಕ್ಕಾಲು ಇಂಚಿನ ಬೋಲ್ಟಿಗೆ 20 ಮಿ.ಮೀ. ಫಿಲ್ಟರ್ ಸಡಿಲವಾಗಿ ಕೂತು, ಎಣ್ಣೆಯ ಒತ್ತಡ ಏರಿದಾಗ ಕಳಚಿಕೊಳ್ಳಬಹುದು.
- ಫಿಲ್ಟರ್ ಅಡ್ಡ ಅಥವಾ ತಲೆಕೆಳಗಾಗಿ ಕೂರುವ ಗಾಡಿಯಾದ್ರೆ, ಎಣ್ಣೆ ವಾಪಸ್ ಇಳಿಯದಂತೆ ತಡೆಯುವ ರಬ್ಬರ್ ವಾಲ್ವ್ ಒಳಗೆ ಇರಬೇಕು. ಇಲ್ಲದಿದ್ರೆ ದಿನಾ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಕೆಲವು ಸೆಕೆಂಡ್ ಎಂಜಿನ್ ಒಣಗಿಯೇ ತಿರುಗುತ್ತೆ.

ಎಲ್ಲಿ ಕೇಳಬೇಕು?

ಮೊದಲು ಊರಿನ ಹಳೇ ಮಿಸ್ತ್ರಿ. ಮುಚ್ಚಿದ ಗ್ಯಾರೇಜಿನ ಅಟ್ಟದಲ್ಲಿ ಡಬ್ಬಿ ಉಳಿದಿರಬಹುದು. ಆಮೇಲೆ ಹುಬ್ಬಳ್ಳಿಯ ಸ್ಪೇರ್ ಪಾರ್ಟ್ಸ್ ಅಂಗಡಿಗಳು. ಅಲ್ಲೂ ಸಿಗದಿದ್ರೆ ಬೆಂಗಳೂರಿನ ಜೆ.ಸಿ. ರಸ್ತೆ, ಪುಣೆಯ ನಾನಾ ಪೇಠ, ದಿಲ್ಲಿಯ ಕಾಶ್ಮೀರಿ ಗೇಟ್ ದೊಡ್ಡ ಮಾರುಕಟ್ಟೆಗಳು. ಖುದ್ದು ಹೋಗಬೇಕಿಲ್ಲ. ಹಳೇ ಫಿಲ್ಟರ್ ಪಕ್ಕ ಸ್ಕೇಲ್ ಇಟ್ಟು ಫೋಟೋ, ಮೇಲಿನ ನಂಬರ್, ಅಳತೆ ವಾಟ್ಸ್‌ಆ್ಯಪ್ ಮಾಡಿದ್ರೆ ಸಾಕು. ಬೆಂಗಳೂರಿನಿಂದ ಬಸ್ ಪಾರ್ಸೆಲ್‌ನಲ್ಲೂ ತರಿಸಬಹುದು.

ಅಂಬಾಸಿಡರ್‌ನ ಹಳೇ 1489 ಸಿಸಿ ಪೆಟ್ರೋಲ್ ಎಂಜಿನ್ ಬ್ರಿಟನ್ನಿನ ಬಿಎಂಸಿ ಕಂಪನಿಯ 'ಬಿ' ಸರಣಿಯದು. ಮೋರಿಸ್ ಆಕ್ಸ್‌ಫರ್ಡ್, ಎಂಜಿ ಕಾರುಗಳಲ್ಲೂ ಇದೇ ಮನೆತನದ ಎಂಜಿನ್ ಇತ್ತು. ಆ ಕಾರುಗಳನ್ನ ಇನ್ನೂ ಸಾಕುವವರು ಅಲ್ಲಿ ಇರೋದರಿಂದ ಎಲಿಮೆಂಟ್ ಈಗಲೂ ತಯಾರಾಗುತ್ತೆ. ಇಲ್ಲಿ ಸಿಗದಿದ್ರೆ ಆ ಹೆಸರಲ್ಲಿ ಹುಡುಕಿ, ಆದ್ರೆ ಅಳತೆ ತಾಳೆ ಹಾಕದೇ ದುಡ್ಡು ಕಟ್ಟಬೇಡಿ. ಜೀಪಿನವರಿಗೆ ಮಹೀಂದ್ರಾ ಡೀಲರ್ ಬಳಿ ಪಾರ್ಟ್ ನಂಬರ್ ಕೇಳುವ ದಾರಿಯೂ ಇದೆ.

ಅಂಗಡಿಯವರಿಗೆ ಒಂದು ಮಾತು

ಪ್ಯಾಕ್ ಮೇಲೆ ತಯಾರಕರ ಹೆಸರು, ವಿಳಾಸ, ತಯಾರಾದ ತಿಂಗಳು-ವರ್ಷ, ಎಂಆರ್‌ಪಿ ಇರಲೇಬೇಕು. ಇದು 2011ರ ಪ್ಯಾಕೇಜ್ ಸರಕು ನಿಯಮ. ಇವಿಲ್ಲದ ಮಾಲು ಇಟ್ಟುಕೊಳ್ಳಬೇಡಿ. ಹಳೇ ಸ್ಟಾಕ್ ಆಗಿದ್ರೆ ಗಿರಾಕಿಗೆ ಹೇಳಿಯೇ ಕೊಡಿ, ಬಿಲ್ಲಿನಲ್ಲಿ ಪಾರ್ಟ್ ನಂಬರ್ ಬರೆಯಿರಿ. ಮೋಸ ಹೋದ ಗ್ರಾಹಕರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಅದಕ್ಕೆ ಬಿಲ್ ಬೇಕು.

ಕೂರಿಸಿದ ಮೇಲೆ

ಹಳೇ ರಬ್ಬರ್ ರಿಂಗ್ ಎಂಜಿನ್ ಕಡೆಯೇ ಅಂಟಿಕೊಂಡು ಉಳಿದಿದ್ರೆ ತೆಗೆಯಲೇಬೇಕು. ಎರಡು ರಿಂಗ್ ಒಂದರ ಮೇಲೊಂದು ಕೂತ್ರೆ ಎಣ್ಣೆ ಚಿಮ್ಮುತ್ತೆ. ಹೊಸ ರಿಂಗಿಗೆ ಎಣ್ಣೆ ಸವರಿ, ಡಬ್ಬಿ ಫಿಲ್ಟರನ್ನ ಕೈಯಲ್ಲೇ ಬಿಗಿ ಮಾಡಿ. ಸ್ಟಾರ್ಟ್ ಮಾಡಿ ಆಯಿಲ್ ಲೈಟ್ ಆರುವ ತನಕ ಎಕ್ಸಿಲೇಟರ್ ಒತ್ತಬಾರದು. ಐದು ನಿಮಿಷ ಓಡಿಸಿ, ಕೆಳಗೆ ಸೋರಿಕೆ ನೋಡಿ, ನಿಲ್ಲಿಸಿ ಸ್ವಲ್ಪ ಬಿಟ್ಟು ಎಣ್ಣೆ ಮಟ್ಟ ನೋಡಿ. ಗಾಡಿ ಹೆಚ್ಚು ಓಡದಿದ್ರೂ ವರ್ಷಕ್ಕೊಮ್ಮೆ ಎಣ್ಣೆ, ಫಿಲ್ಟರ್ ಬದಲಿಸೋದು ಒಳ್ಳೇದು.

ಬೌಲ್ ತೆಗೆದು ಡಬ್ಬಿ ಫಿಲ್ಟರ್ ಕೂರಿಸುವ ಅಡಾಪ್ಟರ್‌ಗಳೂ ಸಿಗುತ್ತವೆ. ಹಾಕಿಸಿದ್ರೂ ಹಳೇ ಬೌಲ್, ಬೋಲ್ಟ್ ಗುಜರಿಗೆ ಕೊಡಬೇಡಿ. 2021ರ ಕೇಂದ್ರ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತೆ. 1970ರ ದಶಕದ ಮೊದಲರ್ಧದ ಕಾರುಗಳು ಈಗಾಗಲೇ ಆ ಗೆರೆ ದಾಟಿವೆ. ಅಂಥ ಗಾಡಿಗೆ ಮೂಲ ಸಾಮಾನು ಒಂದೊಂದೂ ಬೆಲೆಯುಳ್ಳದ್ದೇ.