ಮನೆಬಾಗಿಲಿಗೆ ಬಂದ ನರ್ಸ್

ಕ್ಷಯರೋಗದ ಚರಿತ್ರೆ ಎಂದರೆ ನನಗೆ ಮೊದಲು ಕಣ್ಣಿಗೆ ಬರುತ್ತಿದ್ದುದು ಸ್ಯಾನಿಟೋರಿಯಂ. ಊರಾಚೆ, ಒಳ್ಳೆಯ ಗಾಳಿ ಬೀಸುವ ಕಡೆ ಸಾಲು ಮಂಚಗಳು, ಪುಷ್ಟಿಯ ಊಟ, ತಿಂಗಳುಗಟ್ಟಲೆ ವಿಶ್ರಾಂತಿ. ಮೈಸೂರಿನ ಸ್ಯಾನಿಟೋರಿಯಂ ಹೊತ್ತಿರುವುದು ಇದೇ ರೋಗಕ್ಕೆ ತುತ್ತಾದ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರನ್ನು. ಆದರೆ 1950ರ ದಶಕದ ಭಾರತದಲ್ಲಿ ರೋಗಿಗಳು ಲಕ್ಷಗಟ್ಟಲೆ ಇದ್ದರು, ಮಂಚಗಳು ಸಾವಿರಗಳ ಲೆಕ್ಕದಲ್ಲಿದ್ದವು. ಮಂಚ ಸಿಗದವರ ಪಾಡೇನು?

ಈ ಪ್ರಶ್ನೆಗೆ ಉತ್ತರ ಹುಡುಕಲು 1956ರಲ್ಲಿ ಮದ್ರಾಸಿನಲ್ಲಿ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರ ಶುರುವಾಯಿತು. ಅದರ ನೇತೃತ್ವ ಬ್ರಿಟಿಷ್ ವೈದ್ಯ ವ್ಯಾಲೇಸ್ ಫಾಕ್ಸ್ ಅವರದು. ನಗರದ ಬಡ ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ಸ್ಯಾನಿಟೋರಿಯಂಗೆ ಹೋಯಿತು, ಇನ್ನೊಂದು ಮನೆಯಲ್ಲೇ ಉಳಿಯಿತು. ಇಬ್ಬರಿಗೂ ಒಂದು ವರ್ಷ ಅದೇ ಔಷಧಿ: ಐಸೋನಿಯಾಜಿಡ್ ಮತ್ತು ಪಿಎಎಸ್. 1959ರಲ್ಲಿ ಬಂದ ವರದಿಯ ಪ್ರಕಾರ ಸ್ಯಾನಿಟೋರಿಯಂನಲ್ಲಿ ಶೇ. 92 ಜನರ ರೋಗ ಹತೋಟಿಗೆ ಬಂದಿತ್ತು, ಮನೆಯಲ್ಲಿದ್ದವರಲ್ಲಿ ಶೇ. 86. ಇಕ್ಕಟ್ಟಾದ ಮನೆ, ಅರೆಹೊಟ್ಟೆ, ದುಡಿಮೆ ಎಲ್ಲ ಇದ್ದೂ ಇಷ್ಟು. ಮನೆಮಂದಿಗೆ ರೋಗ ಹೆಚ್ಚು ಅಂಟುತ್ತದೆ ಎಂಬ ಭಯವೂ ನಿಜವಾಗಲಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಅಂಕಿಗಳಲ್ಲ, ಅವುಗಳ ಹಿಂದೆ ಓಣಿ ಓಣಿ ನಡೆದ ನರ್ಸುಗಳು, ಹೆಲ್ತ್ ವಿಸಿಟರುಗಳು. ಪಿಎಎಸ್ ದಿನಕ್ಕೆ ಗ್ರಾಂಗಟ್ಟಲೆ ನುಂಗಬೇಕಾದ, ಹೊಟ್ಟೆ ಕೆಡಿಸುವ ಔಷಧಿ. ಕೆಲವೇ ತಿಂಗಳಲ್ಲಿ ಕೆಮ್ಮು ನಿಂತು ಮೈ ಹಗುರವಾದ ಮೇಲೆ ಅದನ್ನು ನುಂಗುವ ಮನಸ್ಸು ಯಾರಿಗಿರುತ್ತದೆ? ಅದಕ್ಕೇ ಇವರು ಮುನ್ಸೂಚನೆ ಕೊಡದೆ ಮನೆಗೆ ಹೋಗುತ್ತಿದ್ದರು. ಉಳಿದ ಔಷಧಿ ಎಣಿಸುತ್ತಿದ್ದರು, ಮೂತ್ರ ಪರೀಕ್ಷೆಗೆ ತರುತ್ತಿದ್ದರು. ಔಷಧಿ ನುಂಗಿದ್ದರೆ ಮೂತ್ರ ಅದನ್ನು ಹೇಳಿಬಿಡುತ್ತಿತ್ತು. ಚಿಕಿತ್ಸೆ ರೋಗಿಯ ಕೈಗೆ ಬಂದ ದಿನವೇ ಅವನ ಮೇಲಿನ ಅನುಮಾನವೂ ಮನೆಯೊಳಗೆ ಬಂತು.

ಇದೇ ಕೇಂದ್ರ 1964ರಲ್ಲಿ ಇನ್ನೊಂದು ಪ್ರಯೋಗದ ಫಲಿತಾಂಶ ಪ್ರಕಟಿಸಿತು: ವಾರಕ್ಕೆರಡು ಸಲ, ಸಿಬ್ಬಂದಿಯ ಕಣ್ಣೆದುರೇ ಔಷಧಿ. 1997ರಿಂದ ದೇಶದಾದ್ಯಂತ ಹಬ್ಬಿದ ಡಾಟ್ಸ್ ಪದ್ಧತಿಯ ಒಂದು ಬೇರು ಇಲ್ಲಿದೆ. ರೋಗಿಯನ್ನು ಮಂಚದಿಂದ ಬಿಡಿಸಿದವರೇ ಅವನ ನುಂಗುವಿಕೆಗೆ ಕಾವಲು ಕೂತರು. ಅದಕ್ಕೆ ಕಾರಣವೂ ಇತ್ತು. ಅರ್ಧಕ್ಕೆ ಬಿಟ್ಟ ಔಷಧಿ ಮದ್ದಿಗೆ ಬಗ್ಗದ ರೋಗಾಣುವನ್ನು ಬೆಳೆಸುತ್ತದೆ.

ಆದರೆ ತಪ್ಪು ಯಾವಾಗಲೂ ರೋಗಿಯದೇ? ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯಲ್ಲಿ ಮಾಡಿದ ಅಧ್ಯಯನ 1963ರಲ್ಲಿ ಹೊರಬಂತು. ಕ್ಷಯವಿದ್ದವರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ತಮ್ಮ ಮೈಯಲ್ಲಿ ಏನೋ ಸರಿಯಿಲ್ಲ ಎಂದು ಗೊತ್ತಿತ್ತು, ಅರ್ಧದಷ್ಟು ಜನ ಆಗಲೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು. ಬಹಳಷ್ಟು ಜನರಿಗೆ ಸಿಕ್ಕಿದ್ದು ಕೆಮ್ಮಿನ ಸಿರಪ್ಪು. ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ ಎಂಬ ಮಾತನ್ನು ಅಂದೇ ಬಿಡಬೇಕಿತ್ತು.

ಇಂದು ಆಶಾ ಕಾರ್ಯಕರ್ತೆ ಕ್ಷಯರೋಗಿಯ ಬಾಗಿಲು ತಟ್ಟುವಾಗ ಆ ಮದ್ರಾಸಿನ ಹೆಂಗಸರ ಎರಡೂ ಕೆಲಸ ಅವಳ ಹೆಗಲ ಮೇಲಿರುತ್ತದೆ. ಮಾತ್ರೆ ಎಣಿಸಬೇಕು, ಯಾಕೆ ಉಳಿಯಿತು ಎಂದೂ ಕೇಳಬೇಕು.  ವಾಂತಿಯಾಯಿತೇ, ಕೂಲಿ ತಪ್ಪುತ್ತಿತ್ತೇ, ಮನೆಯಲ್ಲಿ ಊಟವಿರಲಿಲ್ಲವೇ ಎಂದು ವಿಚಾರಿಸಬೇಕು. ಅರ್ಧಕ್ಕೆ ಬಿಟ್ಟವರ ಕಥೆ ಇರುವುದು ಅಲ್ಲೇ.