ಕೌದಿ

ಉಟ್ಟು ಹಳೆಯದಾದ ಸೀರೆ, ಧೋತರ, ಕುಪ್ಪಸಗಳನ್ನು ಪದರಪದರವಾಗಿ ಹಾಸಿ, ಸೂಜಿಯನ್ನು ಮೇಲೆ ಕೆಳಗೆ ಆಡಿಸುವ ಸಾದಾ ಕೈಹೊಲಿಗೆಯಿಂದ ಕೂಡಿಸಿದ ಹೊದಿಕೆಗೆ ಉತ್ತರ ಕರ್ನಾಟಕದಲ್ಲಿ ಕೌದಿ ಎನ್ನುತ್ತಾರೆ. ಸವೆದು ಮೆತ್ತಗಾದ ಬಟ್ಟೆ ಒಳಪದರಕ್ಕೆ ಸೇರಿದರೆ, ಬಣ್ಣವೂ ಕಸುವೂ ಉಳಿದ ತುಂಡುಗಳು ಮೇಲ್ಮೈಗೆ ಬರುತ್ತವೆ; ಯಾವ ತುಂಡಿನ ಪಕ್ಕ ಯಾವುದು ಕೂರಬೇಕೆಂಬುದನ್ನು ಹೆಂಗಸರು ಮಾದರಿಚಿತ್ರವಿಲ್ಲದೆ ಹೊಲಿಯುತ್ತಲೇ ನಿರ್ಧರಿಸುವುದರಿಂದ ಇದನ್ನು ಬರಿಯ ಮಿತವ್ಯಯದ ಕೆಲಸವೆಂದು ಎಣಿಸುವುದು ಸಲ್ಲದು. ಆಫ್ರಿಕಾ ಮೂಲದ ಸಿದ್ದಿ ಸಮುದಾಯದವರು ನೆಲೆಸಿರುವ ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲ್ಲೂಕುಗಳಲ್ಲಿ ಇದಕ್ಕೆ ಕವಂದಿ ಎಂಬ ಹೆಸರಿದ್ದು, ಹೊಲಿಗೆ ಒಂದು ಮೂಲೆಯಿಂದ ಹೊರಟು ಅಂಚುಗುಂಟ ಸುತ್ತುತ್ತ ನಡುವಿಗೆ ಬಂದು ಮುಗಿಯುತ್ತದೆ. ನಾಲ್ಕು ಮೂಲೆಗಳಲ್ಲೂ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ‘ಫೂಲ’, ಅಂದರೆ ಹೂವು, ಕೂರಿಸುತ್ತಾರೆ. ಅದಿಲ್ಲದ ಕವಂದಿಯನ್ನು ಹೊಲಿದವರೇ ಪೂರ್ಣವೆಂದು ಒಪ್ಪುವುದಿಲ್ಲ.